ಆಟಿ ಕಳೆದ ಮೇಲೆ ಶೆಂಜೆನ್‌ಗೆ

ಗುಂಡ್ಯ

ನಮ್ಮ ಕಡೆಯವರು ಎಲ್ಲಿಗೆ ಹೊರಟರೂ ಗುಂಡ್ಯದಲ್ಲಿ ಬಸ್ಸು ನಿಲ್ಲಬೇಕು, ಚಾ ಕುಡಿಯಬೇಕು, ಆಮೇಲೆ ಘಾಟಿ ಹತ್ತಬೇಕು. ಚೀನಾಕ್ಕೆ ಹೊರಟವನಿಗೂ ಬೇರೆ ದಾರಿ ಇಲ್ಲ. ಬೆಂಗಳೂರಿನ ಹಗಲು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಮಡಿಲಲ್ಲಿ ಬೈರಾಸು ಟವೆಲಿನಲ್ಲಿ ಸುತ್ತಿದ ಒಂದು ಬುತ್ತಿ ಪಾತ್ರೆ. ಕಡಬದಿಂದಲೂ ಅದನ್ನೇ ನೋಡುತ್ತಿದ್ದ ಪಕ್ಕದ ಹೆಂಗಸಿಗೆ ಗುಂಡ್ಯ ಬರುವಾಗ ತಡೆಯಲಿಲ್ಲ.

"ಆರಿ ಹೋಗ್ತದಲ್ಲ ಮಾರಾಯ್ರೆ, ಉಣ್ಣಿ. ನನಗೆ ಕೊಡ್ಬೇಕು ಅಂತ ಇಲ್ಲ."

"ಊಟ ಅಲ್ಲ ಅಕ್ಕ. ಟಿ.ವಿ.ಯಲ್ಲಿ ಆಡುವ ಆಟದ ಬೋರ್ಡು."

"ಅದನ್ನು ಬುತ್ತಿಯಲ್ಲಿ ಯಾಕೆ ಇಟ್ಟದ್ದು?"

ಯಾಕೆ ಎಂದರೆ, ಆ ಬುತ್ತಿ ಪಾತ್ರೆಯನ್ನು ಕೊಟ್ಟವರು ಸುಳ್ಯದ ದೇವಕಿ ಅಕ್ಕ. ಅವರ ಗಂಡ ಪದ್ಮಯ್ಯಣ್ಣ ನನಗೆ ಕೆಲಸ ಕಲಿಸಿದವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನಾನು ಹೋಗಿ ಕೂತದ್ದು ಸುಳ್ಯದ ಅವರ ಟಿ.ವಿ. ರಿಪೇರಿ ಅಂಗಡಿಯಲ್ಲಿ. ಈಗ ಕಡಬದಲ್ಲಿ ನನ್ನದೇ ಮೊಬೈಲ್ ರಿಪೇರಿ ಅಂಗಡಿ ಇದೆ. ಯಾರ ಹಂಗೂ ಇಲ್ಲದೆ ಕಟ್ಟಿದ್ದು. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ, ಬರಲಿ.

ಎರಡು ವರ್ಷದಿಂದ ಪದ್ಮಯ್ಯಣ್ಣನ ಕಿಡ್ನಿಗಳು ಸೋತಿದ್ದವು. ವಾರದಲ್ಲಿ ಮೂರು ದಿನ ಆಸ್ಪತ್ರೆಯ ಮಂಚದ ಮೇಲೆ ಮಲಗಿ ರಕ್ತ ತೊಳೆಸಿಕೊಳ್ಳಬೇಕಿತ್ತು. ಅಲ್ಲಿ ಮಲಗಿದಲ್ಲಿಂದ ಅವರಿಗೆ ಕಾಣುತ್ತಿದ್ದದ್ದು ಬೆಂಚಿನ ಮೇಲೆ ಕಾಯುತ್ತಿದ್ದ ರೋಗಿಗಳ ಮಕ್ಕಳು. ಒಂದೊಂದು ಮಗುವಿನ ಕೈಯಲ್ಲಿ ಒಂದೊಂದು ಮೊಬೈಲು. ಒಬ್ಬರ ಮುಖ ಇನ್ನೊಬ್ಬರು ನೋಡುವುದಿಲ್ಲ.

"ಬಾಲ, ಮೊಬೈಲಾದ್ರೆ ಒಬ್ಬನೇ ಆಡುದು," ಎಂದು ಒಂದು ದಿನ ನನ್ನನ್ನು ಕರೆಸಿ ಹೇಳಿದರು. "ಟಿ.ವಿ. ಆದ್ರೆ ಪಕ್ಕದಲ್ಲಿ ಒಬ್ಬ ಬೇಕಾಗ್ತದೆ. ನಿನ್ನ ಅಂಗಡಿಯಲ್ಲಿ ಡಿಸ್‌ಪ್ಲೇ ಒಡೆದ ಮೊಬೈಲು ರಾಶಿ ಬಿದ್ದಿದೆಯಲ್ಲ? ಅದರ ತಲೆ ಸತ್ತಿದೆಯಾ?"

"ತಲೆಗೆ ಎಂತ ಆಗುದಿಲ್ಲ. ಮುಖ ಹೋಗುದು, ಬ್ಯಾಟರಿ ಹೋಗುದು."

"ಮತ್ತೆ ಆ ತಲೆಯನ್ನು ಟಿ.ವಿ.ಗೆ ಕಟ್ಟಿದರೆ?"

ಇಷ್ಟೇ ವಿಚಾರ. ದೊಡ್ಡ ಕಂಪೆನಿಗಳ ಆಟದ ಪೆಟ್ಟಿಗೆ ನಮ್ಮ ಊರಿನ ಮನೆಗಳಿಗೆ ಕೈಗೆ ಎಟಕುವುದಿಲ್ಲ. ಆದರೆ ಮೊಬೈಲಿನ ಚಿಪ್ ಹಾಗಲ್ಲ. ಹೊಸದು ಬಂದ ಕೂಡಲೇ ಹಳೆಯದು ಬಾಳೆದಿಂಡಿನ ಹಾಗೆ ಅಗ್ಗ. ಹಳೆಯದೆಂದರೂ ಟಿ.ವಿ.ಯಲ್ಲಿ ಇಬ್ಬರು ಕೂತು ಆಡುವ ಆಟಕ್ಕೆ ಅದು ಧಾರಾಳ ಸಾಕು. ಪದ್ಮಯ್ಯಣ್ಣನ ತಂಗಿಯ ಮಗಳು ದಿವ್ಯ ಇಂಜಿನಿಯರಿಂಗ್ ಓದಿದವಳು. ನನ್ನ ರಾಶಿಯ ಮೊಬೈಲುಗಳಲ್ಲಿ ಒಂದೊಂದರದ್ದು ಒಂದೊಂದು ಬಗೆಯ ಚಿಪ್, ಆದ್ದರಿಂದ ಅವಳು ಹೊಸದಾಗಿ ಕೊಳ್ಳಲು ಸಿಗುವ ಅಂಥ ಒಂದೇ ಚಿಪ್‌ಗೆ ಸರಿಯಾಗಿ ಬೋರ್ಡಿನ ನಕ್ಷೆ ಮಾಡಿದಳು, ಆಟವನ್ನೂ ಬರೆದಳು. ಆಟ ಯಾವುದೆಂದು ಆರಿಸಿದ್ದು ಮಾತ್ರ ಪದ್ಮಯ್ಯಣ್ಣ. ಚೆನ್ನೆಮಣೆ. ಎರಡು ಸಾಲು ಗುಳಿ, ಆಚೆಗೊಬ್ಬರು ಈಚೆಗೊಬ್ಬರು, ಗುಳಿಯಿಂದ ಗುಳಿಗೆ ಕೆಂಪು ಮಂಜೊಟ್ಟಿ ಬೀಜದ ಕಾಯಿ ಬಿಡುತ್ತ ಹೋಗುವುದು. ತಮ್ಮ ಅಮ್ಮನ ಕಾಲದ ಮರದ ಮಣೆಯನ್ನು ಅಟ್ಟದಿಂದ ಇಳಿಸಿ, ಕಾಯಿ ಬೀಳುವ ಸದ್ದನ್ನು ಮೊಬೈಲಿನಲ್ಲಿ ತಾವೇ ಹಿಡಿದು ದಿವ್ಯಳಿಗೆ ಕಳುಹಿಸಿದ್ದರು. ಫ್ಯಾನಿನ ಶಬ್ದ ಸೇರಿತು, ನಾಯಿ ಬೊಗಳಿತು ಎಂದು ಪುನಃ ಪುನಃ.

ಚೆನ್ನೆಯನ್ನು ನಮ್ಮಲ್ಲಿ ಆಟಿ ತಿಂಗಳಲ್ಲಿ ಮಾತ್ರ ಆಡುತ್ತಾರೆ. ಮಳೆ ಹಿಡಿದು, ಗದ್ದೆ ತೋಟದ ಕೆಲಸ ನಿಂತ ತಿಂಗಳು ಅದು. ಆಟಿ ಮುಗಿದ ಮೇಲೆ ಮಣೆಯನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಡುತ್ತಾರೆ, ಮತ್ತೆ ಮುಟ್ಟುವುದಿಲ್ಲ. ಆಟಿಗೆ ಇನ್ನೊಂದು ಕಟ್ಟೂ ಇದೆ. ಆ ತಿಂಗಳಲ್ಲಿ ಹೊಸ ಕೆಲಸ ಯಾವುದನ್ನೂ ಸುರು ಮಾಡುವುದಿಲ್ಲ. ಮದುವೆ ಮಾತು ಇಲ್ಲ, ಮನೆಗೆ ಅಡಿಪಾಯ ಹಾಕುವುದಿಲ್ಲ, ಅಂಗಡಿ ತೆರೆಯುವುದಿಲ್ಲ.

ಚೀನಾದ ಶೆಂಜೆನ್ ಊರಿನ ಒಂದು ಸಣ್ಣ ಕಾರ್ಖಾನೆಯವರು ನಮ್ಮ ಪೆಟ್ಟಿಗೆ ಮಾಡಿ ಕೊಡಲು ಒಪ್ಪಿ, "ಆದೇಶ ಬೇಗ ಕೊಡಿ" ಎಂದು ಬರೆದದ್ದು ಆಟಿ ಸುರುವಾದ ಮೇಲೆ.

"ಸೋಣ ಬರ್ಲಿ," ಎಂದರು ಪದ್ಮಯ್ಯಣ್ಣ. ಆಟಿಯ ನಂತರದ ತಿಂಗಳು ಸೋಣ. ಕಾರ್ಖಾನೆಯಿಂದ ಮತ್ತೆ ಬರೆದರು. "ಮಾರುವವನಿಗೆ ಯಾವಾಗಲೂ ಅವಸರವೇ ಮಾರಾಯಾ," ಎಂದು ನಕ್ಕರು. ನಾನೂ ನಕ್ಕೆ. ನಮ್ಮ ಊರಿನ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ಸೋಣ ಬಂದ ಮೇಲೆ ಬರೆದೆವು. ಬಹಳ ದಿನ ಬಿಟ್ಟು ಉತ್ತರ ಬಂತು. "ಒಮ್ಮೆ ಬನ್ನಿ, ಎದುರು ಕೂತು ಮಾತಾಡೋಣ." ಪದ್ಮಯ್ಯಣ್ಣ ವಿಮಾನ ಹತ್ತುವ ಸ್ಥಿತಿಯಲ್ಲಿ ಇರಲಿಲ್ಲ. ಹೊರಡುವ ಮುನ್ನಾದಿನ ಸುಳ್ಯಕ್ಕೆ ಹೋದಾಗ, ದೇವಕಿ ಅಕ್ಕ ಕೊಟ್ಟ ಬುತ್ತಿ ಪಾತ್ರೆಯಲ್ಲಿ ಬೋರ್ಡನ್ನು ಇಟ್ಟು ನನ್ನ ಕೈಗೆ ಕೊಟ್ಟರು. ಅದರ ನಡುವೆ ಚಿಪ್ ಕೂರಬೇಕಾದ ಚೌಕ ಜಾಗ ಖಾಲಿ.

"ಇದು ತುಂಬಿದ್ದನ್ನು ನಾನೊಮ್ಮೆ ನೋಡ್ಬೇಕು ಬಾಲ. ಅಷ್ಟರವರೆಗೆ ನಾನು ಎಲ್ಲಿಗೂ ಹೋಗುದಿಲ್ಲ."

ಬಸ್ಸಿನ ಹೆಂಗಸಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. "ಎಲ್ಲಿ ಇಡುದು ಮತ್ತೆ?" ಎಂದು ಮಾತ್ರ ಹೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ.

ಗುವಾಂಗ್‌ಜೌ

ವಿಮಾನ ಇಳಿದ ಊರಿನ ಹೆಸರು ಗುವಾಂಗ್‌ಜೌ. ಅಲ್ಲಿ ಚೀಲ ನೋಡುವ ಅಧಿಕಾರಿ ಬುತ್ತಿ ಪಾತ್ರೆ ತೆಗೆಸಿದ. ಬೋರ್ಡನ್ನು ನೋಡಿ ಹಾಗೆಯೇ ಮುಚ್ಚಿದ. ಅವನಿಗೆ ಅದು ನಮಗೆ ತೆಂಗಿನ ಚಿಪ್ಪು ಇದ್ದ ಹಾಗೆ ಇರಬೇಕು. ಸಿಕ್ಕಿಬಿದ್ದದ್ದು ನನ್ನ ವೀಳ್ಯದೆಲೆ. ಹಸಿರು ಸೊಪ್ಪು ದೇಶದ ಒಳಗೆ ಬರಬಾರದಂತೆ. ಮದುವೆಯ ತಾಂಬೂಲದ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ಹೋಗಿ ಕಸದ ಡಬ್ಬಿಗೆ ಹಾಕಿದ. ಚಾಲಿ ಅಡಿಕೆಯ ಸಣ್ಣ ತುಂಡುಗಳು ಅಂಗಿಯ ಕಿಸೆಯಲ್ಲಿದ್ದವು. ಅವನ್ನು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಊರಿನವರು ತಣ್ಣೀರು ಮುಟ್ಟುವುದಿಲ್ಲ. ಸೆಕೆಯಲ್ಲಿ ಬೆವರುತ್ತ ಹೋಟೆಲಿನಲ್ಲಿ ನೀರು ಕೇಳಿದರೆ ಹೊಗೆ ಏಳುವ ನೀರು ತಂದಿಟ್ಟರು. ನಮ್ಮಲ್ಲಿ ಬಾಣಂತಿಗೆ ಕೊಡುವ ಹಾಗೆ. ಬೆಳಿಗ್ಗೆ ಎಲ್ಲರೂ ತಿನ್ನುವುದು ಗಂಜಿ. ಗಂಜಿ ಎಂದರೆ ನಮ್ಮ ಗಂಜಿಯೇ, ಕುಚ್ಚಿಲಕ್ಕಿ ಅಲ್ಲ ಎಂಬುದೊಂದು ಬಿಟ್ಟರೆ. ನೆಂಜಿಕೊಳ್ಳಲು ಉಪ್ಪಿನಲ್ಲಿ ಹಾಕಿದ ಮೂಲಂಗಿ. ಊರು ಬಿಟ್ಟ ಮೇಲೆ ಮೊದಲ ಸಲ ಹೊಟ್ಟೆ ತಂಪಾಯಿತು. ಇದನ್ನು ಪದ್ಮಯ್ಯಣ್ಣನಿಗೆ ಹೇಳಬೇಕೆಂದು ಮೊಬೈಲು ತೆಗೆದೆ. ನಮ್ಮ ವಾಟ್ಸಪ್ಪು ಅಲ್ಲಿ ನಡೆಯುವುದಿಲ್ಲ. ನೂರಾರು ಮೊಬೈಲು ಸರಿ ಮಾಡಿದ ಕೈ ನನ್ನದು, ನನ್ನ ಮೊಬೈಲು ಮಾತ್ರ ಚೀನಾದಲ್ಲಿ ಗಡಿಯಾರ ಆಗಿ ಕೂತಿತು. ಆಗ ಸಿಟ್ಟು ಬಂತು. ಒಂದೆರಡು ದಿನದಲ್ಲಿ, ಮಾತಾಡಲು ಆಗದ್ದೇ ಒಳ್ಳೆಯದಾಯಿತು ಎನಿಸಿತು.

ಶೆಂಜೆನ್, ಕಾರ್ಖಾನೆ

ಅಲ್ಲಿಂದ ರೈಲಿನಲ್ಲಿ ಶೆಂಜೆನ್. ನಿಲ್ದಾಣಕ್ಕೆ ಲಿನ್ ಬಂದಿದ್ದರು. ನಮಗೆ ಬರೆಯುತ್ತಿದ್ದ ಕಾರ್ಖಾನೆಯ ಹೆಂಗಸು, ನನ್ನ ತಂಗಿಯ ಪ್ರಾಯ. ನನ್ನ ಇಂಗ್ಲಿಷು ರೇಷನ್ ಅಕ್ಕಿಯ ಹಾಗೆ, ಇದ್ದಷ್ಟರಲ್ಲಿ ಕಲ್ಲೇ ಜಾಸ್ತಿ. ಆದ್ದರಿಂದ ಅವರು ಚೀನೀ ಭಾಷೆಯಲ್ಲಿ ಮಾತಾಡಿದ್ದನ್ನು ಅವರ ಮೊಬೈಲು ಕನ್ನಡದಲ್ಲಿ ಹೇಳುತ್ತಿತ್ತು. ಆ ಕನ್ನಡ ಶಾಲಾ ವಾರ್ಷಿಕೋತ್ಸವದ ಸ್ವಾಗತ ಭಾಷಣದ್ದು.

"ಮಾನ್ಯರೇ, ತಮ್ಮ ಪ್ರಯಾಣವು ಸುಖಕರವಾಗಿತ್ತೇ?"

"ಸುಖ ಎಂತದ್ದು ಬಂತು, ಕಾಲು ಬಾತು ಹೋಗಿದೆ," ಎಂದೆ. ಮೊಬೈಲು ಅದನ್ನು ಏನೆಂದು ಹೇಳಿತೋ, ಲಿನ್ ತುಂಬ ಸಂತೋಷಪಟ್ಟರು.

ಕಾರ್ಖಾನೆ ಎಂದರೆ ಒಂದು ಮಹಡಿ. ಸಾಲಾಗಿ ಕೂತ ಹೆಂಗಸರು, ತಲೆಗೆ ನೀಲಿ ಟೋಪಿ. ನಮ್ಮಲ್ಲಿ ಬೀಡಿ ಕಟ್ಟುವವರ ಕೈ ಓಡುವ ಹಾಗೆ ಅವರ ಕೈ ಓಡುತ್ತದೆ. ಆದರೆ ಬೀಡಿ ಕಟ್ಟುವಲ್ಲಿ ಊರಿನ ಸುದ್ದಿ ಎಲ್ಲ ಇರುತ್ತದೆ, ಇಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಒಳಗಿನ ಕೋಣೆಯಲ್ಲಿ ನನ್ನನ್ನು ಕೂರಿಸಿ, ಬಿಸಿನೀರು ಕೊಟ್ಟು, ಲಿನ್ ಬಾಗಿಲು ಮುಚ್ಚಿದರು. ಆಮೇಲೆ ಮೊಬೈಲಿಗೆ ಮೆಲ್ಲಗೆ ಏನೋ ಹೇಳಿದರು.

"ಮಾನ್ಯರೇ, ತಾವು ಬಯಸಿದ ಚಿಪ್‌ನ ಉತ್ಪಾದನೆಯು ಅಂತ್ಯಗೊಂಡಿದೆ."

ಮೊಬೈಲಿನ ಸ್ವರದಲ್ಲಿ ದುಃಖವೂ ಇಲ್ಲ, ಸಂತೋಷವೂ ಇಲ್ಲ. ನಾನು ಇನ್ನೊಮ್ಮೆ ಹೇಳಲು ಹೇಳಿದೆ. ಅದು ಇನ್ನೊಮ್ಮೆ ಅದನ್ನೇ ಹೇಳಿತು.

ಚಿಪ್ ಮಾಡುವ ಕಂಪೆನಿ ಹಳೆಯದನ್ನು ನಿಲ್ಲಿಸುವ ಮೊದಲು ಕೊನೆಯ ಆದೇಶಕ್ಕೆ ಒಂದು ಗಡುವು ಕೊಡುತ್ತದಂತೆ. ಗಡುವು ಮುಗಿದದ್ದು ಜುಲೈ ಕೊನೆಗೆ. ಎಂದರೆ, ಆಟಿಯ ನಡುವಿಗೆ. ಎಲ್ಲಾದರೂ ಮಿಕ್ಕಿದ್ದು ಸಿಕ್ಕೀತೆಂಬ ಆಸೆಯಲ್ಲಿ ಲಿನ್ ನಮ್ಮನ್ನು ಬರಹೇಳಿದ್ದರು. ನಾನು ದಾರಿಯಲ್ಲಿದ್ದಾಗ ಆ ಆಸೆಯೂ ಮುಗಿದಿತ್ತು. ಬೇರೆ ಚಿಪ್ ಹಾಕಿದರಾಗದೇ ಎಂದು ಓದುವವರು ಕೇಳಬಹುದು. ಚಿಪ್‌ನ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಸೀಸದ ಕಾಳುಗಳಿರುತ್ತವೆ, ಅವು ಕೂರುವ ಜಾಗ ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಬೋರ್ಡೂ ಹೊಸದು, ಆಟವನ್ನು ಹೊಂದಿಸುವುದೂ ಹೊಸದಾಗಿ. ಒಂದು ವರ್ಷದ ಕೆಲಸ. ಪದ್ಮಯ್ಯಣ್ಣನ ಹತ್ತಿರ ಒಂದು ವರ್ಷ ಇಲ್ಲವೆಂದು ಡಾಕ್ಟರು ನನಗೆ ಮಾತ್ರ ಹೇಳಿದ್ದರು.

ಲಿನ್ ಒಂದು ಕಪ್ಪು ಪೆಟ್ಟಿಗೆ ತಂದು ನನ್ನ ಎದುರು ಇಟ್ಟರು. ಸಿದ್ಧವಾದ ಮಾಲು. ಒಳಗೆ ಮೊಬೈಲಿನ ಚಿಪ್ಪೇ, ಜೊತೆಗೆ ಯಾರ್ಯಾರದೋ ಹಳೆಯ ಆಟಗಳನ್ನು ಕೇಳದೆ ತುಂಬಿಸಿದ್ದು, ಸಾವಿರಗಟ್ಟಲೆ. ಮೇಲೆ ನಮ್ಮ ಹೆಸರಿನ ಸ್ಟಿಕರ್ ಅಂಟಿಸಿ ಕೊಡುತ್ತಾರಂತೆ.

"ಇದರಲ್ಲಿ ಚೆನ್ನೆ ಉಂಟಾ?" ಎಂದು ಕೇಳಿದೆ.

ಇರಲಿಲ್ಲ. "ಬೇಡ," ಎಂದೆ. ಬೇರೆಯವರ ಮಗುವಿಗೆ ನನ್ನ ಹೆಸರಿಟ್ಟು ಎತ್ತಿಕೊಂಡು ಊರಿಗೆ ಹೋಗುವವ ನಾನಲ್ಲ.

ಲಿನ್ ಬೇಸರ ಮಾಡಿಕೊಳ್ಳಲಿಲ್ಲ. "ನಾನು ತಮಗೆ ಪದೇ ಪದೇ ಬರೆದೆನು. ತಾವೇಕೆ ಉತ್ತರಿಸಲಿಲ್ಲ?" ಎಂದು ಮೊಬೈಲು ಕೇಳಿತು.

"ನಮ್ಮಲ್ಲಿ ಒಂದು ತಿಂಗಳು ಉಂಟು," ಎಂದೆ. "ಆ ತಿಂಗಳಲ್ಲಿ ಹೊಸತು ಎಂತ ಸುರು ಮಾಡುದಿಲ್ಲ. ಸತ್ತವರಿಗೆ ಬಡಿಸುವ ತಿಂಗಳು ಅದು."

ಲಿನ್ ಮೊಬೈಲನ್ನು ಮೇಜಿನ ಮೇಲೆ ಇಟ್ಟರು. ತಮ್ಮ ಅಜ್ಜಿಯ ವಿಷಯ ಹೇಳಿದರು. ಅವರಲ್ಲೂ ಅಂಥ ತಿಂಗಳು ಇದೆಯಂತೆ. ಸತ್ತವರು ಮನೆಗಳ ಕಡೆ ಬರುವ ತಿಂಗಳು. ಲಿನ್‌ನ ಅಣ್ಣ ಆ ತಿಂಗಳಲ್ಲಿ ಅಂಗಡಿ ತೆರೆಯಲು ಹೊರಟಾಗ ಅಜ್ಜಿ ಬಾಗಿಲಿಗೆ ಅಡ್ಡ ಕೂತು ಬಿಟ್ಟರಂತೆ. ಹೇಳುತ್ತ ನಕ್ಕರು, ನಾನೂ ನಕ್ಕೆ. ನಗು ನಿಂತ ಮೇಲೆ ಮೊಬೈಲು ಹೇಳಿತು:

"ಆದರೆ ಚಿಪ್ ತಯಾರಿಸುವವರಿಗೆ ಅಂತಹ ತಿಂಗಳು ಇರುವುದಿಲ್ಲ."

ಶೆಂಜೆನ್, ಮಾರುಕಟ್ಟೆ

ಮರುದಿನ ಲಿನ್ ರಜೆ ಹಾಕಿ ನನ್ನನ್ನು ಮಾರುಕಟ್ಟೆಗೆ ಕರೆದುಕೊಂಡು ಹೋದರು. ಒಂದು ತುಂಡು ಚಿಪ್ ಆದರೂ ಸಿಕ್ಕೀತು ಎಂದು. ಪುತ್ತೂರಿನ ಸೋಮವಾರದ ಸಂತೆಯನ್ನು ಮಹಡಿಯ ಮೇಲೆ ಮಹಡಿಯಾಗಿ ಪೇರಿಸಿಟ್ಟರೆ ಹೇಗೋ ಹಾಗಿದೆ ಅದು. ತೊಂಡೆಕಾಯಿ, ಅಲಸಂಡೆ ಇರುವಲ್ಲಿ ಚಿಪ್, ಸ್ಕ್ರೀನು, ತಂತಿ. ಗಲ್ಲಾಪೆಟ್ಟಿಗೆಯ ಹಿಂದೆಯೇ ಊಟ, ಅಲ್ಲಿಯೇ ಮಗುವಿಗೆ ತಲೆ ಬಾಚುವುದು. ನನ್ನ ಅಂಗಡಿಯಲ್ಲಿ ಗುಜರಿಗೆ ಕೊಡುವುದನ್ನೆಲ್ಲ ಅಲ್ಲಿ ಜೋಡಿಸಿಟ್ಟು ಮಾರುತ್ತಾರೆ.

ಹಳೆಯ ಮೊಬೈಲಿನಿಂದ ಚಿಪ್ ಬಿಡಿಸುವ ಒಬ್ಬ ಮುದುಕರ ಹತ್ತಿರ ನಿಂತೆವು. ಅವರ ಕೆನ್ನೆ ಒಂದು ಬದಿ ಉಬ್ಬಿತ್ತು. ಅದನ್ನು ಜಗತ್ತಿನ ಎಲ್ಲಿ ಕಂಡರೂ ನಮ್ಮ ಊರಿನವನಿಗೆ ಗೊತ್ತಾಗುತ್ತದೆ. ಕಿಸೆಯಿಂದ ಒಂದು ತುಂಡು ಅಡಿಕೆ ತೆಗೆದು ಮುಂದೆ ಹಿಡಿದೆ. ಅವರು ಕಣ್ಣರಳಿಸಿ, ತಮ್ಮ ಪೊಟ್ಟಣದಿಂದ ಒಂದು ಕಪ್ಪು ತುಂಡು ನನಗೆ ಕೊಟ್ಟರು. ಬಾಯಿಗೆ ಹಾಕಿದರೆ ನಾರು, ಸಿಹಿ, ಮತ್ತೆ ಗಂಟಲು ಹಿಡಿದ ಹಾಗೆ. ಅದು ಅಡಿಕೆಯ ಸಿಪ್ಪೆ. ಅವರ ಊರಿನಲ್ಲಿ ಸಿಪ್ಪೆ ಜಗಿದು ಒಳಗಿನ ಅಡಿಕೆ ಎಸೆಯುತ್ತಾರಂತೆ. ನಾವು ಅಡಿಕೆ ಜಗಿದು ಸಿಪ್ಪೆ ಬಚ್ಚಲ ಒಲೆಗೆ ಹಾಕುತ್ತೇವೆ ಎಂದು ಹೇಳಿಸಿದೆ. ಮುದುಕರು ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು ನನ್ನನ್ನು ತೋರಿಸಿದರು. ಇಂಥ ಹುಚ್ಚರೂ ಇದ್ದಾರೆ ಎಂಬ ಹಾಗೆ.

ಬುತ್ತಿ ಪಾತ್ರೆ ತೆರೆದು ಬೋರ್ಡು ತೋರಿಸಿದೆ. ಡಬ್ಬಿಗಳನ್ನು ಹುಡುಕಿ ಹುಡುಕಿ ಒಂದು ಚಿಪ್ ತೆಗೆದರು. ಯಾರದೋ ಒಡೆದ ಮೊಬೈಲಿನದ್ದು. ಇನ್ನೂ ಸಿಗಬಹುದಾ ಎಂದು ಕೇಳಿಸಿದೆ. ಖಾಲಿ ಅಂಗೈ ತೋರಿಸಿದರು. ಕಾಳು ಕೂರಿಸಿ ಬಿಸಿಗಾಳಿ ಹಿಡಿಯುವ ಕೆಲಸವನ್ನು ನನಗೇ ಬಿಡಲು ಹೇಳಿದೆ. ಅವರು ಎದ್ದು ತಮ್ಮ ಸ್ಟೂಲು ಬಿಟ್ಟುಕೊಟ್ಟರು. ಆ ಕೆಲಸ ನಾನು ದಿನಾ ಮಾಡುವಂಥದ್ದು. ಆದರೂ ಅಂದು ಒಮ್ಮೆ ನಿಲ್ಲಿಸಿ, ಮುಖ ಒರೆಸಿ, ಮತ್ತೆ ಹಿಡಿದೆ.

ಪಕ್ಕದ ಅಂಗಡಿಯ ಟಿ.ವಿ.ಗೆ ತಂತಿ ಸಿಕ್ಕಿಸಿದೆವು, ಬೋರ್ಡಿಗೆ ಕೈಯಲ್ಲಿ ಹಿಡಿಯುವ ಆಟದ ಗುಂಡಿಯನ್ನೂ. ಸ್ವಲ್ಪ ಹೊತ್ತು ಕಪ್ಪು. ಆಮೇಲೆ ಮರದ ಬಣ್ಣದ ಮಣೆ, ಎರಡು ಸಾಲು ಗುಳಿ. ಗುಂಡಿ ಒತ್ತಿದೆ. ಟಕ್, ಟಕ್, ಟಕ್ ಎಂದು ಕಾಯಿ ಬಿದ್ದವು. ಶೆಂಜೆನ್‌ನ ಆ ಗದ್ದಲದ ನಡುವೆ ಸುಳ್ಯದ ಒಂದು ಮನೆಯ ಮಣೆಯ ಸದ್ದು. ಲಿನ್ ಇನ್ನೊಂದು ಬದಿ ಹಿಡಿದು ಆಡಿದರು. ಆಟದ ಕ್ರಮ ಯಾರೂ ಹೇಳಿಕೊಡಲಿಲ್ಲ, ಅವರು ಗೆದ್ದರು.

"ತಾವೇಕೆ ಅಳುತ್ತಿರುವಿರಿ?" ಎಂದು ಮೊಬೈಲು ಕೇಳಿತು.

"ಬಿಸಿಗಾಳಿಯ ಹೊಗೆ," ಎಂದೆ.

ಸುಳ್ಯ

ಪದ್ಮಯ್ಯಣ್ಣ ಜಗಲಿಯ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಹೋದಾಗ ಇದ್ದದ್ದಕ್ಕಿಂತ ಸಣ್ಣಗಾಗಿದ್ದರು.

"ಬಂದ ನೋಡು, ಚೀನಾದ ಸಾಹುಕಾರ! ಎಂತ ತಂದೆ? ಹಾವಾ, ಕಪ್ಪೆಯಾ?"

"ಮೊದಲು ಅವನಿಗೆ ಉಣ್ಲಿಕ್ಕೆ ಬಿಡಿ," ಎಂದರು ದೇವಕಿ ಅಕ್ಕ ಒಳಗಿನಿಂದ.

ನಾನು ಉಣ್ಣಲಿಲ್ಲ. ಒಳಗೆ ಹೋಗಿ ಬುತ್ತಿ ಪಾತ್ರೆಯಿಂದ ಬೋರ್ಡು ತೆಗೆದು ಟಿ.ವಿ.ಗೆ ಸಿಕ್ಕಿಸಿದೆ. ಖಾಲಿ ಇದ್ದ ಚೌಕದ ಮೇಲೆ ಪದ್ಮಯ್ಯಣ್ಣ ಬೆರಳು ಆಡಿಸಿದರು. ನಾನು ಗುಂಡಿ ಒತ್ತಿದೆ. ಟಕ್. ಅವರು ಕಣ್ಣು ಮುಚ್ಚಿದರು.

"ಅಮ್ಮನ ಮಣೆ," ಎಂದರು. "ಇಂಥದ್ದು ಎಷ್ಟು ಬರ್ತದೆ ಇನ್ನು?"

"ಇದೊಂದೇ ಪದ್ಮಯ್ಯಣ್ಣ. ಆ ಚಿಪ್ ಮಾಡುದು ನಿಲ್ಲಿಸಿದ್ದಾರೆ."

"ಯಾವಾಗ?"

ಘಾಟಿ ಇಳಿಯುವಾಗಲೂ ಇದೊಂದು ಪ್ರಶ್ನೆ ಬಾರದಿರಲಿ ಎಂದು ದೇವರಿಗೆ ಹೇಳಿಕೊಂಡಿದ್ದೆ.

"ವಿಷುವಿಗೂ ಮೊದಲೇ, ಮಾರ್ಚಿನಲ್ಲೇ ಅಂತೆ," ಎಂದೆ. "ನಮಗೆ ಬರೆಯುವಾಗ ಅವರಿಗೇ ಗೊತ್ತಿರ್ಲಿಲ್ಲ."

"ವಿಷುವಿಗೂ ಮೊದಲೇ."

"ಹೌದು. ಆಟಿಗೂ ಅದಕ್ಕೂ ಎಂತ ಸಂಬಂಧ ಇಲ್ಲ."

ಆಟಿಯ ಮಾತನ್ನು ಅವರು ಎತ್ತಿರಲಿಲ್ಲ. ನಾನೇ ಎತ್ತಿದ್ದು. ಅವರು ನನ್ನ ಮುಖವನ್ನು ನೋಡಿದರು. ಮೊದಲು ಕೆಲಸ ಕಲಿಯುವಾಗ ನಾನು ಸುಟ್ಟ ಕೆಪಾಸಿಟರನ್ನು ಮೊದಲೇ ಸುಟ್ಟಿತ್ತು ಎಂದು ಹೇಳಿದರೆ ಹೀಗೆಯೇ ನೋಡುತ್ತಿದ್ದರು.

ದೇವಕಿ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಮೆಲ್ಲಗೆ ಹೇಳಿದರು, "ಒಂದು ಆಟ ಆಡಿ ನೀವಿಬ್ಬರು. ಟಿ.ವಿ.ಯಲ್ಲಿ ಆಡಿದ್ರೆ ಎಂತ ಆಗುದಿಲ್ಲ."

ಪದ್ಮಯ್ಯಣ್ಣ ಗುಂಡಿಯನ್ನು ಕೈಗೆ ತೆಗೆದುಕೊಂಡರು. ಬೊಗಸೆಯಲ್ಲಿ ಹಿಡಿದು ನೋಡಿದರು, ಒತ್ತಲಿಲ್ಲ.

"ಬಂದ್ ಮಾಡು ಬಾಲ," ಎಂದರು. "ಆಟಿ ಕಳೆದಿದೆ. ಕಟ್ಟು ಕಟ್ಟೇ. ಬರುವ ಆಟಿಗೆ ಆಡುವ."

ಮರದ ಮಣೆಯನ್ನು ಸುತ್ತಿದ ಬಟ್ಟೆಯಲ್ಲೇ ಬೋರ್ಡನ್ನೂ ಸುತ್ತಿಸಿ, ಎದುರು ಕೂತು ಅಟ್ಟದಲ್ಲಿ ಇಡಿಸಿದರು. ಆಮೇಲೆ ಚೀನಾದ ಗಂಜಿಯ ವಿಷಯ ಕೇಳಿ ನಕ್ಕರು. ಸಿಪ್ಪೆ ಜಗಿಯುವ ಮುದುಕರ ವಿಷಯ ಎರಡು ಸಲ ಹೇಳಿಸಿದರು.

ಮೇ ಕೊನೆಗೆ ಬರುವ ಪತ್ತನಾಜೆಗೆ ಸ್ವಲ್ಪ ಮೊದಲು ಅವರು ತೀರಿಕೊಂಡರು.

ಆಟಿ ಬಂತು. ಸತ್ತವರಿಗೆ ನಮ್ಮಲ್ಲಿ ಅಗೆಲು ಬಡಿಸುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಅಡಿಗೆ ಮಾಡಿ, ಮುಸ್ಸಂಜೆ ಹೊತ್ತಿಗೆ ಎಲೆಯಲ್ಲಿ ಇಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುವುದು. ಬಂದು ಉಂಡು ಹೋಗಲಿ ಎಂದು. ದೇವಕಿ ಅಕ್ಕ ಕೋಳಿ ಸಾರು ಬಡಿಸಿದರು, ರೊಟ್ಟಿ ಬಡಿಸಿದರು, ಒಂದು ಬೀಡಿ ಕಟ್ಟು ಇಟ್ಟರು. ಆಮೇಲೆ ನನ್ನನ್ನು ನೋಡಿ ಅಟ್ಟದ ಕಡೆ ಕೈ ತೋರಿಸಿದರು.

ಇಳಿಸಿದೆ. ಟಿ.ವಿ.ಗೆ ಸಿಕ್ಕಿಸಿದೆ. ಎಲೆಯ ಬಲಬದಿಗೆ, ಅವರ ಕೈಗೆ ಸಿಗುವ ಹಾಗೆ, ಗುಂಡಿಯನ್ನು ಇಟ್ಟೆ. ಪರದೆಯ ಮೇಲೆ ಮಣೆ ಬಂತು. ಎಲ್ಲ ಗುಳಿಗಳೂ ತುಂಬಿದ್ದವು. ಕೆಳಗೆ ದಿವ್ಯ ಬರೆದ ಅಕ್ಷರ: ಮೊದಲ ಆಟಗಾರರ ಸರದಿ.

ಬಾಗಿಲು ಎಳೆದುಕೊಂಡು ಹೊರಗೆ ಬಂದೆವು. ಬೇರೆ ಮನೆಗಳಲ್ಲಿ ಒಂದು ಎಲೆ ಉಣ್ಣುವಷ್ಟು ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತೆರೆಯುತ್ತಾರೆ. ನಮ್ಮಲ್ಲಿ ಅಂದು ಯಾರೂ ಕೆಮ್ಮಲಿಲ್ಲ. ಒಳಗಿನಿಂದ ಏನೂ ಸದ್ದು ಬರಲಿಲ್ಲ. ಆದರೂ ದೇವಕಿ ಅಕ್ಕ ಬಾಗಿಲ ಚಿಲಕದ ಮೇಲೆ ಕೈ ಇಟ್ಟುಕೊಂಡು, ತೆರೆಯದೆ, ಹಾಗೆಯೇ ನಿಂತಿದ್ದರು.

"ಇನ್ನು ಸ್ವಲ್ಪ ಹೊತ್ತು ಇರ್ಲಿ ಬಾಲ," ಎಂದರು. "ಅವರದ್ದು ಯಾವಾಗಲೂ ನಿಧಾನ ಅಲ್ವಾ."